ಬಾಟಲಿ ಕೆಳಗಿಳಿಸಿ, ಮಗು ಮೇಲೇ ಇರಲಿ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಅಪ್ಪಂದಿರಿಗೆ ಊಟಿ ನೆನಪಾಗುತ್ತದೆ. ಅದಕ್ಕೂ ಮೊದಲು ನೆನಪಾಗುವುದು ಬಂಡೀಪುರದ ಗೇಟು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆರು ಹೊಡೆದಾಗ ಸಾಲಿನ ಮುಂದೆ ನಮ್ಮ ಕಾರು ಇರದಿದ್ದರೆ ಮನೆತನದ ಮರ್ಯಾದೆ ಏನಾಗಬೇಕು? ಅದಕ್ಕೇ ಮಕ್ಕಳನ್ನು ನಡುರಾತ್ರಿಯಲ್ಲೇ ಹೊದಿಕೆ ಸಮೇತ ಎತ್ತಿ ತಂದು ಕಾರಿಗೆ ತುಂಬುತ್ತಾರೆ.

ಸುರಕ್ಷತೆಯ ಏರ್ಪಾಡಿನಲ್ಲಿ ಮಾತ್ರ ಕೊರತೆಯಿಲ್ಲ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಅರಿಶಿನ ಕುಂಕುಮ. ಮೊಮ್ಮಕ್ಕಳಿಗೆ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. "ಮಕ್ಕಳಿಗೆ ಬೆಲ್ಟು?" ಅಂತ ಯಾರಾದರೂ ಕೇಳಿದರೆ, "ಹಿಂದೆ ಕೂತೋರಿಗೆ ಯಾಕ್ರೀ ಬೆಲ್ಟು?" ಎಂಬ ಉತ್ತರ ಸಿದ್ಧ. ಬೆಲ್ಟಿನ ಬೀಪ್ ಸದ್ದಿನ ಬಾಯಿ ಮುಚ್ಚಿಸಲು ಕ್ಲಿಪ್ ಬೇರೆ ಇದೆ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಕ್ಲಿಪ್ಪುಗಳ 13,000ಕ್ಕೂ ಹೆಚ್ಚು ಮಾರಾಟ ಪುಟಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ಅಷ್ಟರಲ್ಲಿ ಕೊಂಡವರು ಕೊಂಡಾಗಿತ್ತು.

ಚಿಕ್ಕದು ಮುಂದಿನ ಸೀಟಿನಲ್ಲಿ, ಅಮ್ಮನ ಮಡಿಲಲ್ಲಿ. ತಾಯಿಯ ಮಡಿಲಿಗಿಂತ ಸುರಕ್ಷಿತ ಜಾಗ ಯಾವುದು ಎಂದು ಭಾವುಕರಾಗಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದರ ಏಟು ಮೊದಲು ಬೀಳುವುದೇ ಮಡಿಲಿನಲ್ಲಿರುವ ಮಗುವಿಗೆ. ದೊಡ್ಡದು ಬಿಡದಿಯಲ್ಲೇ ಶುರು ಮಾಡುತ್ತದೆ: "ಅಪ್ಪಾ, ಇನ್ನೆಷ್ಟು ದೂರ?" "ಇಲ್ಲೇ ಬಂತು ಕಂದ." ಈ ಸುಳ್ಳು ನಂಜನಗೂಡು ದಾಟಿ ಗುಂಡ್ಲುಪೇಟೆವರೆಗೂ ಬಾಳಿಕೆ ಬರುತ್ತದೆ.

ಕಾಡು ಬಂದದ್ದೇ ತಡ, ಸನ್‌ರೂಫ್ ತೆರೆಯುತ್ತದೆ. ಕಾರು ಕೊಳ್ಳುವಾಗ ಅದಕ್ಕೆಂದೇ ಮೇಲೆ ದುಡ್ಡು ಸುರಿದಿದ್ದಾರೆ; ವಸೂಲಾಗಬೇಡವೇ? ಮಗು ಸೊಂಟದವರೆಗೆ ಹೊರಗೆ ನಿಂತು "ಜಿಂಕೇ!" ಎಂದು ಕೂಗುತ್ತದೆ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಜಿಂಕೆಗಿಂತ ಮೇಲೆ ಕಾಣುವ ಪ್ರಾಣಿ ಇದೊಂದೇ. ಕೆಳಗೆ ಅಪ್ಪನ ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ರೀಲ್ಸ್ ಕೆಲಸಕ್ಕೆ. ಬ್ರೇಕ್ ತುಳಿಯಬೇಕಾಗಿ ಬಂದರೆ ಮಗುವನ್ನು ಹಿಡಿಯಲು ಮೂರನೇ ಕೈ ಬೇಕು. ಅದನ್ನು ಯಾವ ಶೋರೂಮಿನಲ್ಲೂ ಕೊಡುವುದಿಲ್ಲ.

ಕೆಕ್ಕನಹಳ್ಳ. ಕರ್ನಾಟಕ ಮುಗಿದು ತಮಿಳುನಾಡು ಶುರು. 2024ರ ಮೇ ತಿಂಗಳಿನಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ, ನೀಲಗಿರಿಗೆ ಹೋಗಲು ಇ-ಪಾಸ್ ಬೇಕು. ಮೊಬೈಲ್ ತೋರಿಸಿದ್ದಾಯಿತು. "ಪ್ಲಾಸ್ಟಿಕ್ ಇರುಕ್ಕಾ?" "ಇಲ್ಲೆ ಸಾರ್," ಎಂದು ಅಪ್ಪನ ಹರುಕು ತಮಿಳು. ಸಿಬ್ಬಂದಿ ನಂಬುವವರಲ್ಲ. ಡಿಕ್ಕಿ ತೆರೆಸಿ, ಪುಳಿಯೋಗರೆ ಡಬ್ಬಿ ಸರಿಸಿ, ಚಕ್ಕುಲಿ ಕವರಿನ ಕೆಳಗೆ ಅಡಗಿದ್ದ ನೀರಿನ ಬಾಟಲಿಯನ್ನು ಎಳೆದು ಹಾಕುತ್ತಾರೆ. ಆನೆಯ ಹೊಟ್ಟೆಗೆ ಪ್ಲಾಸ್ಟಿಕ್ ಹೋಗಬಾರದು. ಅವರ ಕೆಲಸ ಅವರು ಮಾಡಿದರು, ತಕರಾರಿಲ್ಲ. ಆದರೆ ಇಷ್ಟು ಹೊತ್ತೂ ಅವರ ತಲೆಯ ಮೇಲೆಯೇ, ಸನ್‌ರೂಫಿನಲ್ಲಿ ಒಂದು ಮಗು ಕೋಡುಬಳೆ ಕಡಿಯುತ್ತಾ ನಿಂತಿತ್ತು. ಬಾಟಲಿ ಇಳಿಯಿತು. ಮಗು ಗಡಿ ದಾಟಿತು.

ಬಾಟಲಿಯ ಜೊತೆ ವಾಂತಿಗೆಂದು ತಂದಿದ್ದ ಕವರುಗಳೂ ಹೋದವು. ಇದು ಗೊತ್ತಾಗುವುದು ಮಸಿನಗುಡಿ ದಾಟಿ, ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಮೊದಲ ಐದಾರು ಮುಗಿಯುವಷ್ಟರಲ್ಲಿ. ಮುಂದಿನದೆಲ್ಲ ಅಜ್ಜಿಯ ಶಾಲಿಗೆ ಸಮರ್ಪಣೆ. ಅಪ್ಪನಿಗೆ ಮಾತ್ರ ಸೀಟಿನ ಲೆದರಿನದೇ ಚಿಂತೆ: "ಹೊಸ ಕವರ್ ಕಣೇ, ಒರೆಸು ಒರೆಸು!"

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 194ಬಿ ಎಂಬ ಕಲಂ ಇದೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟನ್ನಾಗಲಿ ಮಕ್ಕಳ ಸೀಟನ್ನಾಗಲಿ ಹಾಕದಿದ್ದರೆ ಚಾಲಕನಿಗೆ 1,000 ರೂಪಾಯಿ ದಂಡ. ಕಾಯ್ದೆ ಕೇಂದ್ರದ್ದು, ಕೆಕ್ಕನಹಳ್ಳದ ಈಚೆಗೂ ಆಚೆಗೂ ಒಂದೇ. ಕೇಳುವವರು ಈಚೆಗೂ ಇಲ್ಲ, ಆಚೆಗೂ ಇಲ್ಲ. ಕಾರಿನೊಳಗೆ ಸ್ಟಿಯರಿಂಗ್ ಹಿಡಿದು ಕೂತವರಂತೂ ಮೊದಲೇ ಇಲ್ಲ.