ಜೋಡಿಬಾಣ ಮೀಮಾಂಸೆ: ಸೌದಿ ಕನ್ನಡಿಗರ ಪ್ರಕಟಣಶಾಸ್ತ್ರಕ್ಕೊಂದು ಪ್ರವೇಶಿಕೆ

ಕನ್ನಡ ಪತ್ರಿಕೋದ್ಯಮದ ಚರಿತ್ರೆಯನ್ನು ಪಂಡಿತರು 1843ರ ಮಂಗಳೂರಿನಲ್ಲಿ, ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ದಿಂದ ಹಿಡಿದು ಬೆಂಗಳೂರಿನ ಯಾವುದೋ ಟಿವಿ ಸ್ಟುಡಿಯೋದಲ್ಲಿ ಬಿಡುತ್ತಾರೆ. ಜುಬೈಲ್, ದಮ್ಮಾಮ್, ರಿಯಾದ್, ಜಿದ್ದಾ ಶಾಖೆಗಳ ಗೊಡವೆಗೆ ಹೋಗುವುದಿಲ್ಲ. ಆ ಕೊರತೆ ತುಂಬುವುದೇ ಈ ಪ್ರಬಂಧದ ಉದ್ದೇಶ. ಪಂಡಿತರ ತಪ್ಪೂ ಇಲ್ಲವೆನ್ನಿ. ಆಕರಗಳೆಲ್ಲ 'ಸ್ಟೋರೇಜ್ ಫುಲ್' ಎಂದು ಡಿಲೀಟ್ ಆಗಿಹೋಗಿವೆ.

ಮೊದಲು ಕಾಲನಿರ್ಣಯ. ಆದಿಯಲ್ಲಿ ಉಪ್ಪಿನಕಾಯಿ ಯುಗ. ರಜೆ ಮುಗಿಸಿ ಬರುವವರ ಪೆಟ್ಟಿಗೆಯಲ್ಲಿ ಮಿಡಿ ಉಪ್ಪಿನಕಾಯಿ ಬಾಟಲಿ ಸೋರದಂತೆ ಸುತ್ತಿದ 'ಉದಯವಾಣಿ'ಯೇ ಆಗಿನ ಗಲ್ಫ್ ಆವೃತ್ತಿ. ಎಣ್ಣೆ ಇಳಿದಲ್ಲಿ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಮೂಡಿ, ಮುಂಗಾರು ವರದಿಯ ನಡುವೆ 'ವಧು ಬೇಕಾಗಿದ್ದಾಳೆ' ಎಂದು ಓದಿಸಿಕೊಳ್ಳುತ್ತಿತ್ತು. ಕೋಣೆಯ ಅಷ್ಟೂ ಮಂದಿ ಸರದಿಯಲ್ಲಿ ಓದಿ, ನಿಧನ ವಾರ್ತೆಯನ್ನು ಎರಡು ಸಲ ಓದಿ, ರಾತ್ರಿ ಅದನ್ನೇ ಹಾಸಿ ಅನ್ನ ಬಡಿಸಿಕೊಳ್ಳುತ್ತಿದ್ದರು. ಹಾಗಾಗಿ ಈ ಯುಗದ ಮೂಲಪ್ರತಿಗಳು ಉಳಿದಿಲ್ಲ.

ಜಿದ್ದಾದಿಂದ 1994ರಲ್ಲಿ 'ಉರ್ದು ನ್ಯೂಸ್' ಹೊರಟಿತು, 1999ರಲ್ಲಿ 'ಮಲಯಾಳಂ ನ್ಯೂಸ್'. ಕನ್ನಡಕ್ಕೆ ಆ ಯೋಗ ಕೂಡಿಬರಲಿಲ್ಲ. ಪಕ್ಕದ ಮಂಚದ ಮಲಯಾಳಿ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ನಮ್ಮವರು ಕ್ರಿಕೆಟ್ ಸ್ಕೋರಿನ ಅಂಕಿಗಳನ್ನಷ್ಟೇ ಓದಿ ತೃಪ್ತರಾದರು. ಅದೇ 1999ರಲ್ಲಿ ಸೌದಿಯ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದುಕೊಂಡಿತು. ಮಂಗಳೂರಿನವರಿಗೆ ದಾಯ್ಜಿವರ್ಲ್ಡ್, ಭಟ್ಕಳದವರಿಗೆ ಸಾಹಿಲ್ ಆನ್‌ಲೈನ್ ಒದಗಿ ಲಿಂಕ್ ಯುಗ ಶುರುವಾಯಿತು. ಅದು ಬಾಳಲಿಲ್ಲ. ಸುದ್ದಿ ಓದಬೇಕಾದರೆ ಲಿಂಕ್ ಒತ್ತಬೇಕಿತ್ತು. ಅಷ್ಟು ಶ್ರಮ ಯಾರಿಗೆ ಬೇಕು?

ಈಗಿನದು ಜೋಡಿಬಾಣ ಯುಗ. ಹಲವು ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸ್ಆ್ಯಪ್ 2019ರಲ್ಲಿ ಎರಡು ಬಾಣದ ಗುರುತು ಹಾಕಿತು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದೆಂದು ಕಟ್ಟುಹಾಕಿತು. ಕಂಪನಿ ಬಾಣ ಬಿಟ್ಟದ್ದು ಎಚ್ಚರಿಕೆಗೆಂದು. ಜುಬೈಲ್ ಪಂಥದವರು ಅದನ್ನು ಐಎಸ್‌ಐ ಮುದ್ರೆಯೆಂದು ಸ್ವೀಕರಿಸಿದರು: "ಇಷ್ಟು ಜನ ಕಳಿಸಿದ್ದಾರೆ ಅಂದ ಮೇಲೆ ಸುಳ್ಳಾಗ್ಲಿಕ್ಕುಂಟಾ ಮಾರಾಯ್ರೆ?"

ಇನ್ನು ಗ್ರಂಥಸಂಪಾದನೆ. ಮಳೆಗಾಲದ ಒಂದು ಶಿರಾಡಿ ಘಾಟಿ ಸಂದೇಶವನ್ನೇ ಮಾದರಿಯಾಗಿ ಕಲ್ಪಿಸಿಕೊಳ್ಳೋಣ. ಮೂಲಪಾಠ: 'ಗುಡ್ಡ ಜರಿದು ಒಂದು ಬದಿ ಸಂಚಾರ ನಿಧಾನ.' ದಮ್ಮಾಮ್ ಪ್ರತಿಯಲ್ಲಿ 'ಒಂದು ಬದಿ' ಲುಪ್ತ. ರಿಯಾದ್ ಪ್ರತಿಯಲ್ಲಿ 'ನಿಧಾನ'ಕ್ಕೆ 'ಬಂದ್' ಎಂಬ ಪಾಠಾಂತರ. ಜಿದ್ದಾ ಪ್ರತಿಗೆ ಒಂದು ವೀಡಿಯೊ ಅಂಟಿದ್ದು, ಅದರಲ್ಲಿ ಉರುಳುವ ಬಸ್ಸಿನ ಬೋರ್ಡು ಹಿಂದಿಯಲ್ಲಿರುವುದರಿಂದ ಪ್ರಕ್ಷಿಪ್ತವೆಂದು ನಿಸ್ಸಂದೇಹವಾಗಿ ಹೇಳಬಹುದು. ಕೊನೆಗೆ 'ನಮ್ಮ ಗ್ರೂಪಿಗೆ ಸೇರಲು ಇಲ್ಲಿ ಒತ್ತಿ' ಎಂಬ ಅಂಕಿತ. ದಾಸರ ಪದಗಳಿಗೂ ಅಂಕಿತವಿತ್ತು, ನಿಜ; ಆದರೆ ಪುರಂದರದಾಸರು ಕನಕದಾಸರ ಅಂಕಿತವನ್ನು ಕ್ರಾಪ್ ಮಾಡಿದ್ದಕ್ಕೆ ಪುರಾವೆಯಿಲ್ಲ. 'ಹತ್ತು ಜನರಿಗೆ ಕಳಿಸಿ' ಎಂಬ ಫಲಶ್ರುತಿಯಂತೂ ಎಲ್ಲ ಪ್ರತಿಗಳಲ್ಲೂ ಅವಿಕಲವಾಗಿ ಉಳಿದಿದೆ.

ಜಾಹೀರಾತು ಪ್ರಸ್ಥಾನದಲ್ಲಿ ಮೇರುಕೃತಿ ಸೂಪರ್‌ಮಾರ್ಕೆಟ್‌ನ ಆಫರ್ ಪಿಡಿಎಫ್. ಮೊದಲು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗುತ್ತಿದ್ದ ಬಣ್ಣದ ಹಾಳೆ ಈಗ ಫೋನಿಗೇ ಬರುತ್ತದೆ. ಕನ್ನಡ ಕವನ ಸಂಕಲನಗಳಿಗೆ ಸಿಗದ ಆಳವಾದ ಓದು ಇದಕ್ಕೆ ಸಿಕ್ಕಿದೆ. ಗೃಹಿಣಿಯರು ಲುಲು, ನೆಸ್ಟೊ ಪಾಠಗಳನ್ನು ಎದುರುಬದುರು ಇಟ್ಟು ಕುಚ್ಚಲಕ್ಕಿಯ ಅಧ್ಯಾಯದಲ್ಲಿ ತೌಲನಿಕ ಅಧ್ಯಯನ ನಡೆಸುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳಿಗೆ ಇಂಥ ನಿಷ್ಠೆ ದುರ್ಲಭ.

ಈ ಪ್ರಸ್ಥಾನಕ್ಕೆ ರಾಜಾಜ್ಞೆಯೂ ಉಂಟು. 2022ರ ಅಕ್ಟೋಬರ್‌ನಿಂದ ಸೌದಿಯಲ್ಲಿ ಸಾಮಾಜಿಕ ಜಾಲತಾಣದಲ್ಲಿ ಜಾಹೀರಾತು ಮಾಡುವ ವ್ಯಕ್ತಿಗಳಿಗೆ ಲೈಸೆನ್ಸ್ ಕಡ್ಡಾಯವಾಯಿತು; ಮೂರು ವರ್ಷಕ್ಕೆ 15,000 ರಿಯಾಲ್. ಅಂದಿನಿಂದ ಹೋಟೆಲಿನಲ್ಲಿ ಬಿರಿಯಾನಿ ತಿಂದು ಕಣ್ಣುಮುಚ್ಚಿ ತಲೆಯಾಡಿಸುತ್ತಿದ್ದ ನಮ್ಮ ಹುಡುಗರು 'ಇದು ಜಾಹೀರಾತಲ್ಲ, ಬರೀ ನನ್ನ ಅನಿಸಿಕೆ' ಎಂಬ ನಾಂದಿ ಹಾಡತೊಡಗಿದ್ದಾರೆ. ಅನಿಸಿಕೆಗೆ ಲೈಸೆನ್ಸ್ ಬೇಡ ಎಂಬುದು ಅವರ ವ್ಯಾಖ್ಯಾನ. ಭಾಷ್ಯಕಾರರು ಒಪ್ಪಬೇಕಲ್ಲ!

ಪೂರ್ವಪಕ್ಷದವರು ಕೇಳಬಹುದು: ಎಲ್ಲ ಪುಕ್ಕಟೆಯಾಗಿ ಬರುವಾಗ ನಿಮಗೇನು ಹೊಟ್ಟೆಯುರಿ? ಉತ್ತರ: ಮಳೆಯಲ್ಲಿ ನೆನೆದು ಶಿರಾಡಿಗೆ ಹೋಗಿ 'ಒಂದು ಬದಿ' ಎಂದು ನೋಡಿ ಬರೆದವನಿಗೆ ಸಂಬಳ ಆಗುವುದು ಚಂದಾ ಮತ್ತು ಜಾಹೀರಾತಿನ ಹಣದಿಂದ. ಬಾಣಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಆತ ಹೋಗದಿದ್ದರೆ ದಮ್ಮಾಮಿನವರಿಗೆ ಲೋಪ ಮಾಡಲಿಕ್ಕಾದರೂ ಮೂಲಪಾಠ ಎಲ್ಲಿರುತ್ತದೆ?

ಆದ್ದರಿಂದ ಸೌದಿಯ ಸಮಸ್ತ ಗ್ರೂಪ್ ಅಡ್ಮಿನ್ ಮಹಾಶಯರಲ್ಲಿ ಅರಿಕೆ: ಈ ತಿಂಗಳು ಒಂದೆರಡು ಶವರ್ಮಾ ಕಡಿಮೆ ಮಾಡಿ, ಯಾವುದಾದರೊಂದು ಕನ್ನಡ ಪತ್ರಿಕೆಗೆ ಚಂದಾ ಕಟ್ಟಿ. ರಸೀದಿಯ ಸ್ಕ್ರೀನ್‌ಶಾಟನ್ನು ಬೇಕಾದರೆ ಗ್ರೂಪಿಗೆ ಹಾಕಿ. ಪತ್ರಿಕೆಯ ಪಿಡಿಎಫ್ ಹಾಕಬೇಡಿ.