ಕ್ಲಚ್ ರಾಯರು

ಘಾಜಿಯಾಬಾದಿನ ಇಂದಿರಾಪುರಂ, ವೈಶಾಲಿ, ವಸುಂಧರಾ ಕಡೆಯ ಯಾವ ಸೊಸೈಟಿಯ ಬೇಸ್‌ಮೆಂಟಿಗೆ ಇಳಿದರೂ ಬೆಳಿಗ್ಗೆ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಜೇಬಿನಲ್ಲಿ ಸಣ್ಣ ಟಾರ್ಚು. ವಾಕಿಂಗ್ ಅಂತ ಮನೆ ಬಿಟ್ಟವರು ಯಾರದೋ ಕಾರಿನ ಬಾನೆಟ್ಟಿನ ಮುಂದೆ ನಿಂತಿರುತ್ತಾರೆ. ಊರಿನವರಿಗೆ ಅವರು ಅಂಕಲ್‌ಜಿ. ನಮ್ಮ ಸೊಸೈಟಿಯ ಅಂಕಲ್‌ಜಿ ಕನ್ನಡದವರಾದ್ದರಿಂದ ನಮಗೆ ರಾಯರು.

1974ರಲ್ಲಿ ಬಿಇಎಲ್ ಇಲ್ಲಿ ಘಟಕ ತೆರೆಯಿತಲ್ಲ, ರಾಯರು ಆಮೇಲೆ ಜಾಲಹಳ್ಳಿಯಿಂದ ಸಾಹಿಬಾಬಾದಿಗೆ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟವರು. ಸರ್ವಿಸೆಲ್ಲಾ ರೇಡಾರಿನ ದೋಷ ಹುಡುಕುವುದರಲ್ಲೇ ಕಳೆಯಿತು. ಅಂಥವರನ್ನು ಅರವತ್ತಾಯಿತೆಂದು ಹಾರ ಹಾಕಿ ಮನೆಗೆ ಕಳಿಸಿದರೆ ಸುಮ್ಮನೆ ಕೂರುತ್ತಾರೆಯೇ? ಮೊದಲು ಮನೆಯ ಮಿಕ್ಸಿ, ಗೀಸರ್‌ಗಳ ಮೇಲೆ ಕೈಯಾಡಿಸಿ ಹೆಂಡತಿಯಿಂದ ಬೈಸಿಕೊಂಡರು. ಆಮೇಲೆ ಬೇಸ್‌ಮೆಂಟಿಗೆ ಇಳಿದು ಕಾರುಗಳ ಕ್ಲಚ್ಚಿನ ಹಿಂದೆ ಬಿದ್ದರು.

ಕ್ಲಚ್ಚೇ ಯಾಕೆ ಎಂದರೆ ಘಾಜಿಯಾಬಾದಿನಲ್ಲಿ ಅದಕ್ಕೇ ಕೆಲಸ ಜಾಸ್ತಿ. ಮೋಹನ್ ನಗರದ ಚೌಕದಲ್ಲಿ ಒಂದು ಸಂಜೆ ಸಿಕ್ಕಿಹಾಕಿಕೊಂಡವರಿಗೆ ಎಡಗಾಲು ಯಾಕಿದೆ ಅಂತ ವಿವರಿಸಬೇಕಾಗಿಲ್ಲ. ಶ್ರಾವಣದ ಕಾವಡ ಯಾತ್ರೆಯಲ್ಲಿ ದಾರಿಗಳೆಲ್ಲ ತಿರುವುಮುರುವಾದಾಗಲಂತೂ ಕೇಳಲೇಬೇಡಿ. ಆ ದಿನಗಳು ರಾಯರಿಗೆ ಸುಗ್ಗಿ.

ಮೊನ್ನೆ ದಾವಣಗೆರೆಯ ಹುಡುಗನೊಬ್ಬ ಅಳುಮುಖ ಹೊತ್ತು ಬಂದ. ಗೇರು ಬೀಳುತ್ತಿಲ್ಲ, ಮೆಕ್ಯಾನಿಕ್ಕು ಬಾನೆಟ್ ಕೂಡ ಎತ್ತದೆ, "ಕ್ಲಚ್ ಪ್ಲೇಟ್ ಗಯಾ, ಪೂರಾ ಸೆಟ್ ಪಡೇಗಾ" ಅಂದಿದ್ದಾನೆ.

"ಅವನಿಗೇನು, ಹೇಳ್ತಾನೆ," ಅಂದರು ರಾಯರು. "ನೀನು ಹೇಳಪ್ಪ. ಎಂಜಿನ್ ಆಫ್ ಇದ್ದಾಗ ಗೇರ್ ಬೀಳುತ್ತಾ?"

"ಸಲೀಸಾಗಿ ಬೀಳುತ್ತೆ ಸಾರ್."

"ಸ್ಟಾರ್ಟ್ ಮಾಡಿದ್ರೆ?"

"ರಿವರ್ಸಿಗೆ ಕರ್ರ್ ಅನ್ನುತ್ತೆ."

"ಪೆಡಲ್ಲು ಎರಡು ಮೂರು ಸಲ ಪಂಪ್ ಮಾಡಿದ್ರೆ?"

"ಆಗ ಬೀಳುತ್ತೆ ಸಾರ್!"

ಮೊಮ್ಮಗ ರ‍್ಯಾಂಕ್ ಬಂದನೆಂದು ಕೇಳಿದ ಹಾಗೆ ರಾಯರ ಮುಖ ಅರಳಿತು. "ಪ್ಲೇಟ್ ಸವೆದಿದ್ರೆ ಎಂಜಿನ್ ಬೊಬ್ಬೆ ಹೊಡೀಬೇಕು, ಗಾಡಿ ಮುಂದಕ್ಕೆ ಹೋಗಬಾರದು. ನಿಂದು ಉಲ್ಟಾ. ಕ್ಲಚ್ಚು ಪೂರ್ತಿ ಬಿಡ್ತಾನೇ ಇಲ್ಲ. ಲೈನಲ್ಲಿ ಗಾಳಿ ಸೇರಿದೆ. ಗಾಳಿ ಸೇರಿದೆ ಅಂದ್ರೆ ಎಲ್ಲೋ ಎಣ್ಣೆ ಸೋರಿದೆ. ಎಲ್ಲಿ, ಮ್ಯಾಟ್ ಎತ್ತು."

ಹಾಲಿನ ಪ್ಯಾಕೆಟ್ಟು ಬಾನೆಟ್ಟಿನ ಮೇಲೆ ಕೂತಿತು. ರಾಯರು ತಲೆ ಕೆಳಗೆ ಮಾಡಿ ಪೆಡಲ್ಲಿನ ಹಿಂದಿನ ಕಡ್ಡಿಯನ್ನು ಬೆರಳಿನಿಂದ ಒರೆಸಿ ಮೂಸಿದರು. ಇಲ್ಲಿ ಒದ್ದೆಯಾಗಿದ್ದರೆ ಅಪ್ಪರ್ ಸಿಲಿಂಡರ್ ಹೋಯಿತು, ಗೇರ್‌ಬಾಕ್ಸಿನ ಪಕ್ಕ ಒದ್ದೆಯಾಗಿದ್ದರೆ ಲೋಯರ್. ಎರಡೂ ಕಡೆ ಒಣಗಿದ್ದು, ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದಾಗ ಕ್ಲಚ್ಚು ತಾನಾಗಿ ಹಿಡಿದು ಗಾಡಿ ಮೆಲ್ಲಗೆ ಮುಂದೆ ಸರಿದರೆ, ಅಪ್ಪರಿನ ಒಳಗಿನ ರಬ್ಬರ್ ಸೀಲು ಎಣ್ಣೆಯನ್ನು ಕದ್ದು ಹಿಂದಕ್ಕೆ ಬಿಡುತ್ತಿದೆ ಅಂತ ಅರ್ಥ. ಕೆಲವು ಕಾರುಗಳಲ್ಲಿ ಲೋಯರು ಗೇರ್‌ಬಾಕ್ಸಿನ ಬಾಯೊಳಗೇ ಕೂತಿರುತ್ತದೆ. ಅದು ಸೋರಿದರೆ ಗೇರ್‌ಬಾಕ್ಸೇ ಇಳಿಯಬೇಕು. ಆ ಸುದ್ದಿಯನ್ನು ರಾಯರು ಮಾಲೀಕನ ಹೆಗಲ ಮೇಲೆ ಕೈಯಿಟ್ಟೇ ಹೇಳುತ್ತಾರೆ.

ಎಣ್ಣೆಯ ಡಬ್ಬಿಯ ವಿಷಯಕ್ಕೆ ಬಂದರೆ ಅವರು ಭಾವುಕರಾಗುತ್ತಾರೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಆದರೆ ಕ್ಲಚ್ಚಿನ ಕೊಳವೆ ಎತ್ತರದಲ್ಲಿ. ಎಣ್ಣೆ ಇಳಿದರೆ ಮೊದಲು ಕ್ಲಚ್ಚು ಸೊರಗಲಿ, ಬ್ರೇಕು ಉಳಿಯಲಿ ಅಂತ. "ಇದನ್ನ ಮಾಡಿದೋನು ಹೆಂಡ್ತಿ ಮಕ್ಕಳಿರೋ ಮನುಷ್ಯ," ಅನ್ನುತ್ತಾರೆ. ಆ ಡಬ್ಬಿಗೆ ಯಾರೋ ಎಂಜಿನ್ ಆಯಿಲ್ ಸುರಿದು ಒಳಗಿನ ರಬ್ಬರನ್ನೆಲ್ಲ ಉಬ್ಬಿಸಿದ್ದರಂತೆ. ಆ ಗೃಹಸ್ಥರ ಜೊತೆ ರಾಯರು ಇವತ್ತಿಗೂ ಲಿಫ್ಟಿನಲ್ಲಿ ಮಾತಾಡುವುದಿಲ್ಲ.

ಇಷ್ಟೆಲ್ಲ ಬಲ್ಲ ರಾಯರು ಸ್ಪ್ಯಾನರ್ ಮುಟ್ಟುವುದಿಲ್ಲ. ಗಾಳಿ ತೆಗೆಯಲು ಪೆಡಲ್ ಒತ್ತುವವನೊಬ್ಬ, ಕೆಳಗೆ ನಿಪ್ಪಲ್ ಸಡಿಲಿಸುವವನೊಬ್ಬ ಸಾಕು. ಅಪ್ಪಣೆ ಕೊಡುವುದಕ್ಕೆ ಮೂರನೆಯವರೊಬ್ಬರು ಬೇಕೆಂದು ರಾಯರ ಸಿದ್ಧಾಂತ. ಮೆಕ್ಯಾನಿಕ್ಕು ಕಾರಿನಡಿ ತೂರುತ್ತಾನೆ, ಗೇಟಿನ ಸೆಕ್ಯುರಿಟಿಯವನು ಪೆಡಲ್ ಮೇಲೆ. "ದಬಾವೋ... ಹಂಗೇ ರುಕೋ... ಅರೇ, ಅಭೀ ಮತ್ ಛೋಡೋ ಮಾರಾಯಾ!" ಪ್ಲಾಸ್ಟಿಕ್ ಪೈಪಿನಲ್ಲಿ ಕಪ್ಪು ಎಣ್ಣೆ, ಅದರ ಬೆನ್ನಿಗೆ ಗುಳ್ಳೆ ಗುಳ್ಳೆ. ಪೆಡಲ್ಲು ಗಟ್ಟಿಯಾಗುತ್ತದೆ. ಹುಡುಗನಿಗೆ ಹೋದ ಜೀವ ಬಂದಂತಾದರೆ, ರಾಯರು ಮಂಕಾಗಿ ಪಕ್ಕದ ಕಾರಿನ ಕೆಳಗೆ ಎಣ್ಣೆಯ ಕಲೆಯೇನಾದರೂ ಇದೆಯೇ ಅಂತ ಟಾರ್ಚು ಬಿಡುತ್ತಾರೆ. ಮೇಲಿನಿಂದ ಫೋನು: "ರೀ, ಹಾಲು ತರ್ತೀರೋ, ಮೊಸರು ಮಾಡ್ಕೊಂಡು ತರ್ತೀರೋ?"

ರಾಯರ ಬಳಿ ಈಗ ಸ್ವಂತ ಕಾರಿಲ್ಲ. ಅವರ ಡೀಸೆಲ್ ಗಾಡಿಗೆ ಹತ್ತು ವರ್ಷ ತುಂಬಿತು. ಹತ್ತು ದಾಟಿದ ಡೀಸೆಲ್ಲು ದೆಹಲಿ ಸೀಮೆಯಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಹೂಂ ಅಂದಿತ್ತು. ಎನ್‌ಒಸಿ ಮಾಡಿಸಿ ಗಾಡಿಯನ್ನು ಶಿವಮೊಗ್ಗದ ಸೋದರಳಿಯನಿಗೆ ಕಳಿಸಿಕೊಟ್ಟರು. ಅಂದಿನಿಂದ ಭಾನುವಾರ ತಪ್ಪದೆ ಫೋನು.

"ಕ್ಲಚ್ ಹೇಗಿದೆಯೋ?"

"ಚೆನ್ನಾಗೇ ಇದೆ ಮಾವ. ಏನೂ ತೊಂದ್ರೆ ಇಲ್ಲ."

"ಅದು ನಿನಗೆ ಗೊತ್ತಾಗಲ್ಲ ಕಣೋ. ಫೋನು ಪೆಡಲ್ ಹತ್ರ ಇಟ್ಟು ನಿಧಾನಕ್ಕೆ ಒತ್ತು, ನಾನು ಕೇಳ್ತೀನಿ."