ರಿಯೋಕಾನ್ ಬಳಕೆಯ ಕೈಪಿಡಿ: ಹಳ್ಳಿಖೇಡ (ಬಿ) ಗ್ರಾಹಕರಿಗಾಗಿ

ಬಳಸುವ ಮುನ್ನ ಪೂರ್ತಿ ಓದಿ

ಈ ಕೈಪಿಡಿ ಹಳ್ಳಿಖೇಡ (ಬಿ), ಹುಮನಾಬಾದ್, ಬಸವಕಲ್ಯಾಣ ಮತ್ತು ಸುತ್ತಲಿನ ಊರಿನವರಿಗಾಗಿ. ಮಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ಕಂಪನಿ ಅವನನ್ನು ಟೋಕಿಯೋಗೆ ಕಳಿಸಿ, ಅವನು ಒಂದು ದಿನ ಫೋನಿನಲ್ಲಿ "ಅಪ್ಪಾ, ಅವ್ವಾ, ಈ ಸಲ ನೀವೇ ಬರ್ರಿ, ಗುಡ್ಡದ ಮುಂದ ಕುಂದರ್ಸಿ ಬಿಸಿನೀರಿನ ಝಳಕಾ ಮಾಡಿಸ್ತೀನಿ" ಎಂದಿದ್ದರೆ ಈ ಪುಸ್ತಿಕೆ ನಿಮ್ಮ ಕೈಯಲ್ಲಿರಬೇಕು. "ಝಳಕಾ ಮಾಡ್ಲಾಕ ಜಪಾನಕ್ಯಾಕ ಹೋಗಬೇಕು, ಮನ್ಯಾಗ ಹಂಡೆ ಇಲ್ಲೇನು?" ಎಂದು ಕೇಳಿದವರ ಕೈಯಲ್ಲೂ ಇರಬೇಕು. ಕೇಳಿದವರೂ ಕೊನೆಗೆ ಹೋಗಿಯೇ ಹೋಗುತ್ತಾರೆ.

ರಿಯೋಕಾನ್ ಎಂದರೆ ಜಪಾನಿನ ಹಳೆಯ ಪದ್ಧತಿಯ ವಸತಿಗೃಹ. ಒಳ್ಳೆಯ ರಿಯೋಕಾನುಗಳು ಬಹಳಷ್ಟು ಬಿಸಿನೀರಿನ ಬುಗ್ಗೆ ಇರುವಲ್ಲಿ ಎದ್ದಿರುತ್ತವೆ. ಆ ಬುಗ್ಗೆಗೆ ಒನ್ಸೆನ್ ಎನ್ನುತ್ತಾರೆ. ಯಾಮಾನಾಶಿ ಪ್ರಾಂತದ ಕೆಇಉನ್‌ಕಾನ್ ಎಂಬುದು ಶುರುವಾದದ್ದು ಕ್ರಿ.ಶ. 705ರಲ್ಲಿ ಎನ್ನುತ್ತಾರೆ, ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ಪುಸ್ತಕವೂ ಸೇರಿಸಿಕೊಂಡಿದೆ. ಆಗ ಬಾದಾಮಿಯಲ್ಲಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದ. ಕಲ್ಯಾಣ ಇನ್ನೂ ರಾಜಧಾನಿಯಾಗಿರಲಿಲ್ಲ. ಅಷ್ಟು ಹಿಂದಿನಿಂದ ಅಲ್ಲಿ ಅತಿಥಿಗಳಿಗೆ ನೀರು ಕಾದೇ ಇದೆ, ಸೌದೆಯ ಖರ್ಚಿಲ್ಲದೆ.

ಬಾಡಿಗೆ ಕೋಣೆಗಲ್ಲ, ತಲೆಗೆ. ರಾತ್ರಿಯೂಟ, ಬೆಳಗಿನ ಊಟ ಎರಡೂ ಅದರಲ್ಲೇ ಸೇರಿದೆ. ಬೆಟ್ಟ ಕಾಣುವ ಐಷಾರಾಮಿ ಕೋಣೆಯಾದರೆ ತಲೆಗೆ ಐವತ್ತು ಸಾವಿರ ಯೆನ್ ದಾಟುವುದು ಮಾಮೂಲು. ಆದ್ದರಿಂದ "ಹೆಂಗೂ ಹೊಂಟೀವಿ, ಕಾಕಾನೂ ಬರ್ಲಿ, ಒಂದ್ ಮೂಲ್ಯಾಗ ಮಲಗ್ತಾನ" ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೂಲೆಯಲ್ಲಿ ಮಲಗಿದ ಕಾಕಾನಿಗೂ ಪೂರ್ತಿ ರೊಕ್ಕ. ಅದರ ಮೇಲೆ ಸ್ನಾನದ ತೆರಿಗೆ ಬೇರೆ, ಬಹಳ ಕಡೆ ತಲೆಗೆ 150 ಯೆನ್. ಸ್ನಾನಕ್ಕೆ ತೆರಿಗೆ ಹಾಕಬಹುದು ಎಂಬ ಸಂಗತಿ ನಮ್ಮ ಪುರಸಭೆಯವರ ಕಿವಿಗೆ ಬೀಳದಿರಲಿ.

ಮುಖ್ಯ ಎಚ್ಚರಿಕೆ

ನಮ್ಮ ಕಡೆ ಸುಖ ಎಂದರೆ ಅಪ್ಪಣೆ ಕೊಡುವುದು. ಲಾಡ್ಜಿಗೆ ಹೋದರೂ ಗಂಟೆ ಒತ್ತಿ ಹುಡುಗನನ್ನು ಕರೆದು, ಚಾ ತರಿಸಿ, ಸಕ್ಕರೆ ಕಡಿಮೆಯಾಯಿತೆಂದು ವಾಪಸು ಕಳಿಸಿದರೆ ಮಾತ್ರ ಕೊಟ್ಟ ರೊಕ್ಕ ಸಾರ್ಥಕ. ಮದುವೆಗೆ ಬಂದ ಬೀಗರ ಹಾಗೆ ಒಂದಷ್ಟು ತಕರಾರು ತೆಗೆದರೇನೇ ದೊಡ್ಡಸ್ತಿಕೆ. ರಿಯೋಕಾನಿನಲ್ಲಿ ಇದೆಲ್ಲ ತಿರುಗುಮುರುಗು. ಹೆಚ್ಚು ರೊಕ್ಕ ಕೊಟ್ಟಷ್ಟೂ ಹೇಳಿದ ಮಾತು ಹೆಚ್ಚು ಕೇಳಬೇಕು. ಏನು ಉಣ್ಣಬೇಕು, ಎಷ್ಟು ಗಂಟೆಗೆ, ಯಾವ ಚಪ್ಪಲಿ ಎಲ್ಲಿ ಬಿಡಬೇಕು, ಹಾಸಿಗೆ ಯಾವಾಗ ಬೀಳುತ್ತದೆ, ಎಲ್ಲವೂ ನೀವು ಬರುವ ಮೊದಲೇ ತೀರ್ಮಾನವಾಗಿದೆ. ಇದಕ್ಕೆ ಎದುರು ನಿಂತವರು ಎರಡು ದಿನ ಮುಖ ಊದಿಸಿಕೊಂಡು ಬರುತ್ತಾರೆ. ಒಪ್ಪಿಕೊಂಡವರಿಗೆ ಆ ರಾತ್ರಿ ಯೋಚಿಸುವ ಕೆಲಸ ಒಂದೂ ಉಳಿಯುವುದಿಲ್ಲ. ನೀವು ರೊಕ್ಕ ಕೊಡುವುದು ನೀರಿಗಲ್ಲ, ಈ ಬಿಡುಗಡೆಗೆ.

ಅಳವಡಿಕೆ

ಹುಮನಾಬಾದ್, ಜಹೀರಾಬಾದ್ ದಾಟಿ ಶಮ್ಶಾಬಾದ್ ವಿಮಾನ ನಿಲ್ದಾಣ, ಅಲ್ಲಿಂದ ಟೋಕಿಯೋ, ಟೋಕಿಯೋದ ಶಿಂಜುಕು ನಿಲ್ದಾಣದಿಂದ ರೈಲಿನಲ್ಲಿ ಒಂದೂವರೆ ತಾಸಿನೊಳಗೆ ರಿಯೋಕಾನ್ ಇರುವ ಹಾಕೊನೆ. ಇಷ್ಟು ಮಗ ನೋಡಿಕೊಳ್ಳುತ್ತಾನೆ. ನಿಮ್ಮ ಕೆಲಸ ಶುರುವಾಗುವುದು ಬಾಗಿಲಿನಿಂದ.

ಬಾಗಿಲಲ್ಲೇ ಬೂಟು ಬಿಡಿ. ಇದು ನಮಗೆ ಹೊಸದಲ್ಲ. ಹೊಸದು ಏನೆಂದರೆ, ಬಿಟ್ಟ ಮೇಲೆ ಅವರು ಒಂದು ಜೊತೆ ಒಳಚಪ್ಪಲಿ ಕೊಡುತ್ತಾರೆ. ಅದನ್ನು ಮೆಟ್ಟಿಕೊಂಡು ಓಣಿಯಲ್ಲಿ ನಡೆಯಬಹುದು, ತಾತಾಮಿ ಎಂಬ ಚಾಪೆಯ ಮೇಲೆ ಹತ್ತುವಂತಿಲ್ಲ. ಪಾಯಖಾನೆಯಲ್ಲಿ ಇನ್ನೊಂದು ಜೊತೆ ಇರುತ್ತದೆ. ಅದು ಅಲ್ಲಿಗಷ್ಟೇ. ಅದನ್ನೇ ಮೆಟ್ಟಿಕೊಂಡು ಊಟಕ್ಕೆ ಬಂದ ಪರದೇಶಿಗಳ ಕಥೆ ಪ್ರತಿ ರಿಯೋಕಾನಿನಲ್ಲೂ ಇದೆ. ಆ ಕಥೆಯಲ್ಲಿ ಹಳ್ಳಿಖೇಡದ ಹೆಸರು ಬರಬಾರದು.

ಜಪಾನಿನಲ್ಲಿ ವಾಸವಿಲ್ಲದ ಪರದೇಶಿ ಅತಿಥಿಗಳ ಪಾಸ್‌ಪೋರ್ಟಿನ ನಕಲು ತೆಗೆದುಕೊಳ್ಳುವುದು ಅಲ್ಲಿನ ಕಾಯಿದೆ, ಅನುಮಾನವಲ್ಲ. ವಿಳಾಸ ಬರೆಯುವಾಗ ಕಂಸವನ್ನೂ ಅದರೊಳಗಿನ ಬಿ ಅಕ್ಷರವನ್ನೂ ಬಿಡದೆ ಬರೆಯಿರಿ. ಹಳ್ಳಿಖೇಡ (ಕೆ) ಬೇರೆ ಊರು ಎಂದು ಜಪಾನಿನವರಿಗೆ ಗೊತ್ತಿಲ್ಲದಿರಬಹುದು, ನಮಗೆ ಗೊತ್ತಲ್ಲ.

ಕೋಣೆಯೊಳಗೆ ಮಂಚ ಇರುವುದಿಲ್ಲ. ಗಾಬರಿ ಬೇಡ. ನೀವು ಊಟಕ್ಕೆ ಹೋದಾಗ ಸೇವಕಿ ಬಂದು ಕಪಾಟಿನಿಂದ ಗಾದಿ ತೆಗೆದು ನೆಲಕ್ಕೆ ಹಾಸಿರುತ್ತಾಳೆ. ನಾವು ನೆಲದಿಂದ ಮಂಚಕ್ಕೆ ಏರಲು ಎರಡು ತಲೆಮಾರು ಕಷ್ಟಪಟ್ಟೆವು. ಮತ್ತೆ ನೆಲಕ್ಕಿಳಿಯಲು ಇಷ್ಟು ದುಬಾರಿಯೇ ಎಂದು ಅಪ್ಪನವರು ಕೇಳುತ್ತಾರೆ. ಕೇಳಲಿ. ಚಾಪೆಯ ಮೇಲೆ ಗಾಲಿಯ ಸೂಟ್‌ಕೇಸ್ ಎಳೆಯಬೇಡಿ, ಹುಲ್ಲಿನ ನೇಯ್ಗೆ ಕಿತ್ತುಬರುತ್ತದೆ. ಗೋಡೆಯಲ್ಲಿ ಒಂದು ಎತ್ತರದ ಗೂಡು ಇರುತ್ತದೆ, ಒಂದು ಚಿತ್ರ, ಒಂದು ಹೂವು. ಎಷ್ಟು ಖಾಲಿ ಕಂಡರೂ ಅಲ್ಲಿ ರೊಟ್ಟಿ ಗಂಟು ಇಡಬೇಡಿ. ಅದು ಕೋಣೆಯ ಮಾನದ ಜಾಗ.

ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ. ಎಡಗಡೆಯ ಸೆರಗು ಬಲಗಡೆಯ ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ರೀತಿ. ಎದುರು ಬಂದ ಅಜ್ಜಿ ನಿಮ್ಮನ್ನು ನೋಡಿ ಬೆಚ್ಚಿದರೆ ಕಾರಣ ನಿಮ್ಮ ಮುಖವಲ್ಲ.

ನೀರಿಗೆ ಇಳಿಯುವ ವಿಧಾನ

ಇಲ್ಲಿ ನಿಧಾನವಾಗಿ ಓದಿ. ಗಂಡಸರ ಸ್ನಾನಕ್ಕೆ ಒಂದು ಬಾಗಿಲು, ಹೆಂಗಸರದಕ್ಕೆ ಇನ್ನೊಂದು, ಎರಡಕ್ಕೂ ಬಟ್ಟೆಯ ಪರದೆ. ಸಾಮಾನ್ಯವಾಗಿ ನೀಲಿ ಗಂಡಸರದು, ಕೆಂಪು ಹೆಂಗಸರದು. ಆದರೆ ಬಣ್ಣ ನಂಬಿ ನುಗ್ಗಬೇಡಿ, ಅಕ್ಷರ ನೋಡಿ. ಗಂಡಸು ಎಂಬುದಕ್ಕೆ ಅವರ ಅಕ್ಷರದ ಮೇಲರ್ಧದಲ್ಲಿ ನಾಲ್ಕು ಮಡಿ ಹಾಕಿದ ಹೊಲದ ಗುರುತಿದೆ. ಗಂಡಸರು ಹೊಲ ಕಂಡರೆ ಒಳಗೆ ಹೋಗಿ, ಕಾಣದಿದ್ದರೆ ಹಿಂದೆ ಸರಿಯಿರಿ; ಹೆಂಗಸರಿಗೆ ಇದು ತಿರುಗುಮುರುಗು. ತೊಗರಿ ಬೆಳೆಯುವ ತಾಲ್ಲೂಕಿನವರಿಗೆ ಇದಕ್ಕಿಂತ ಸುಲಭದ ಗುರುತು ಸಿಗದು. ಇನ್ನೊಂದು ಮಾತು: ಬಹಳ ರಿಯೋಕಾನುಗಳಲ್ಲಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎರಡೂ ಕೊಳ ಅದಲುಬದಲಾಗುತ್ತವೆ, ಎಲ್ಲರಿಗೂ ಎರಡೂ ನೋಟ ಸಿಗಲೆಂದು. ನಿನ್ನೆ ನಿಮ್ಮದಾಗಿದ್ದ ಬಾಗಿಲು ಇವತ್ತು ನಿಮ್ಮದಲ್ಲ.

ಒಳಗೆ ಹೋದ ಮೇಲೆ ಬಟ್ಟೆ ಪೂರ್ತಿ ಬಿಚ್ಚಬೇಕು. ಪೂರ್ತಿ. ಚಡ್ಡಿಗೂ ರಿಯಾಯಿತಿ ಇಲ್ಲ. ಕೈಯಲ್ಲಿ ಒಂದು ಸಣ್ಣ ಟವೆಲ್ ಇರುತ್ತದೆ. ಅದು ನೀರಿಗೆ ತಾಗಬಾರದು, ತಲೆಯ ಮೇಲೆ ಇಟ್ಟುಕೊಳ್ಳಬೇಕು. ಮೊದಲು ಗೋಡೆಯ ಪಕ್ಕದ ಕುಳ್ಳ ಸ್ಟೂಲಿನ ಮೇಲೆ ಕುಳಿತು ಸಾಬೂನು ಹಚ್ಚಿ ಮೈ ತೊಳೆದು, ನೊರೆಯೆಲ್ಲ ಹೋದ ಮೇಲೆಯೇ ಕೊಳಕ್ಕೆ ಇಳಿಯುವುದು. ಕೊಳ ಇರುವುದು ತೊಳೆಯಲಿಕ್ಕಲ್ಲ, ನೆನೆಯಲಿಕ್ಕೆ. ಅದರಲ್ಲಿ ಈಜಬಾರದು, ಮುಳುಗು ಹಾಕಬಾರದು, ಫೋನ್ ತರಬಾರದು, ಹರಹರ ಮಹಾದೇವ ಎಂದು ಕೂಗಲೂಬಾರದು.

ಪೂರ್ವಾಭ್ಯಾಸ ಬೇಕೆಂದರೆ ಬೀದರಿನ ಝರಣಿ ನರಸಿಂಹನ ಗುಹೆಗೆ ಹೋಗಿ ಬನ್ನಿ. ಅಪರಿಚಿತರ ನಡುವೆ ಎದೆಮಟ್ಟದ ನೀರಿನಲ್ಲಿ ನಡೆಯುವ ಧೈರ್ಯ ಅಲ್ಲಿ ಬರುತ್ತದೆ. ಆದರೆ ಅಲ್ಲಿ ಬಟ್ಟೆ ಇದೆ, ಜೈಕಾರ ಇದೆ, ತಲೆಯ ಮೇಲೆ ಬಾವಲಿ ಇದೆ. ಇಲ್ಲಿ ಮೂರೂ ಇಲ್ಲ. ನಮ್ಮ ನಾಡಿನಲ್ಲೂ ಸ್ನಾನ ಒಂದು ಕಾಲಕ್ಕೆ ಐಷಾರಾಮವಾಗಿತ್ತು. ಬೀದರ್ ಕೋಟೆಯ ಶಾಹಿ ಹಮಾಮ್ ಅದಕ್ಕೆ ಸಾಕ್ಷಿ. ಈಗ ಅದು ಮ್ಯೂಸಿಯಂ. ಸುಲ್ತಾನರು ಮೈ ತೊಳೆದ ಜಾಗದಲ್ಲಿ ಹಳೆಯ ಕಲ್ಲುಗಳು ಒಣಗಿ ನಿಂತಿವೆ.

ನಾಚಿಕೆ ಇರುವವರಿಗೆ, ಮತ್ತು ಕೊರಳಲ್ಲಿ ಇಷ್ಟಲಿಂಗ ಇರುವವರಿಗೆ ಬೇರೆ ದಾರಿಯಿದೆ. ಲಿಂಗವನ್ನು ಬಟ್ಟೆಬುಟ್ಟಿಯಲ್ಲಿ ಬಿಟ್ಟು ನೀರಿಗಿಳಿಯುವ ಮಾತು ಬಸವಕಲ್ಯಾಣದ ನೆಲದವರಿಗೆ ಹೇಳಬೇಕಿಲ್ಲ. ಕೋಣೆಗೇ ಹೊಂದಿಕೊಂಡ ತೆರೆದ ಕೊಳವಿರುವ ರಿಯೋಕಾನನ್ನೇ ಮಗನಿಗೆ ಹುಡುಕಲು ಹೇಳಿ. ಅಲ್ಲಿ ನೀವು, ನೀರು, ಬೆಟ್ಟ, ಅಷ್ಟೇ. ಆದರೆ ನೀರು ಗಂಧಕದ್ದೋ ಎಂದು ಮೊದಲೇ ವಿಚಾರಿಸಿ. ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ: ಲಿಂಗದ ಕರಡಿಗೆ, ಉಡದಾರ, ಕಾಲುಂಗುರ ಯಾವುದೂ ಉಳಿಯದು. ಬಿದ್ರಿ ಕಲೆಯ ಊರಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಬಿದ್ರಿಯಲ್ಲಿ ಕೋಟೆಯ ಮಣ್ಣು, ನವಸಾಗರ ಸೇರಿಸಿ ತಿಕ್ಕಿದರೆ ಸತುವಿನ ಮೈ ಕಪ್ಪಾಗಿ ಬೆಳ್ಳಿಯ ಎಳೆ ಹೊಳೆಯುತ್ತದೆ. ಗಂಧಕದ ಕೊಳದಲ್ಲಿ ಅದೇ ಬೆಳ್ಳಿ ಕಪ್ಪಾಗಿ ಹೂಬಳ್ಳಿಯೆಲ್ಲ ಮಾಯ. ಬಿದ್ರಿ ಉಂಗುರವಿದ್ದರೆ ಕೋಣೆಯಲ್ಲೇ ತೆಗೆದಿಡಿ.

ಅಜ್ಜಿಯನ್ನು ಕರೆದೊಯ್ಯುವವರಿಗೆ ವಿಶೇಷ ಸೂಚನೆ. ಜಪಾನಿನಲ್ಲಿ ಮೈಮೇಲೆ ಹಚ್ಚೆ ಇದ್ದವರನ್ನು ಗೂಂಡಾ ಗುಂಪಿನವರು ಎಂದು ನೋಡುವ ರೂಢಿ ಇತ್ತು. 2015ರಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ಕೇಳಿದಾಗ, ಉತ್ತರ ಕೊಟ್ಟ ವಸತಿಗೃಹಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಂಥವರನ್ನು ಕೊಳಕ್ಕೆ ಬಿಡುವುದಿಲ್ಲ ಎಂದವು. ಅದಕ್ಕೆ ಎರಡು ವರ್ಷ ಮೊದಲು ಹೊಕ್ಕೈಡೊದಲ್ಲಿ, ಮುಖದ ಮೇಲೆ ಕುಲದ ಹಚ್ಚೆ ಇದ್ದ ಮಾವೋರಿ ಹೆಂಗಸನ್ನು ಒಂದು ಸ್ನಾನಗೃಹ ಬಾಗಿಲಲ್ಲೇ ತಡೆದದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮ ಅಜ್ಜಿಯ ಹಣೆಯಲ್ಲಿ ಹಸಿರು ಚುಕ್ಕೆ, ಮುಂಗೈಯಲ್ಲಿ ತುಳಸಿಕಟ್ಟೆ. ಅವಳು ಯಾವ ಗುಂಪಿನವಳು ಎಂದು ವಿವರಿಸುವಷ್ಟು ಜಪಾನಿ ಭಾಷೆ ಮಗನಿಗೂ ಬರಲಿಕ್ಕಿಲ್ಲ. ಕೋಣೆಯ ಕೊಳವೇ ವಾಸಿ.

ನೀರಿನ ಬಿಸಿ 40ರಿಂದ 42 ಡಿಗ್ರಿ. ನಮ್ಮ ಬಚ್ಚಲಿಗೆ ಇದೇನು ದೊಡ್ಡದಲ್ಲ, ಆದರೆ ನಾವು ತಂಬಿಗೆಯಿಂದ ಸುರಿದುಕೊಳ್ಳುವವರು, ಅದರಲ್ಲಿ ಕುಳಿತವರಲ್ಲ. ಹತ್ತು ನಿಮಿಷ ಸಾಕು. ಬಿಪಿ ಇದ್ದವರು ಡಾಕ್ಟರನ್ನು ಕೇಳಿ ಇಳಿಯಿರಿ. ಕುಡಿದು ಇಳಿಯಲೇಬೇಡಿ.

ಒಂದು ಕಾನೂನಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಜಪಾನಿನ 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೆಲದಿಂದ ಬಂದ ನೀರು 25 ಡಿಗ್ರಿ ಇದ್ದರೆ ಸಾಕು, ಅದು ಒನ್ಸೆನ್. ಅಷ್ಟು ಬಿಸಿ ಇಲ್ಲದಿದ್ದರೆ ಕಾಯಿದೆ ಹೆಸರಿಸಿದ 19 ಬಗೆಯ ವಸ್ತುಗಳಲ್ಲಿ ಒಂದಾದರೂ ಸಾಕಷ್ಟು ಇರಬೇಕು. ಈ ಲೆಕ್ಕಕ್ಕೆ ಬೇಸಿಗೆಯಲ್ಲಿ ನಮ್ಮ ಹೊಲದ ಬೋರ್‌ವೆಲ್ ಪೈಪಿನಿಂದ ಬೀಳುವ ನೀರು ಒನ್ಸೆನ್ನೇ ಸರಿ. ಕಬ್ಬಿಗೆ ಬಿಟ್ಟುಬಿಡುತ್ತಿದ್ದೇವೆ.

ಊಟ

ಆರೂವರೆಗೆ ಎಂದರೆ ಆರೂವರೆಗೇ. ತಡವಾಗಿ ಬಂದರೆ ಅಡುಗೆಯವನು ಸಿಟ್ಟಾಗುವುದಿಲ್ಲ, ಬೇಸರಪಟ್ಟುಕೊಳ್ಳುತ್ತಾನೆ. ಅದು ಇನ್ನೂ ಕಷ್ಟ. ಹತ್ತಾರು ಸಣ್ಣ ಬಟ್ಟಲು ಒಂದೊಂದಾಗಿ ಬರುತ್ತವೆ. ಸಸ್ಯಾಹಾರಿಗಳು ಇಲ್ಲಿ ಮೋಸಹೋಗುತ್ತಾರೆ: ಬಟ್ಟಲಲ್ಲಿ ಕಾಣುವುದು ಗಜ್ಜರಿ, ಮೂಲಂಗಿ, ಆದರೆ ಅವು ಬೆಂದ ಸಾರು ಒಣಮೀನಿನ ಚಕ್ಕೆಯದು. ಅದಿಲ್ಲದೆ ಅವರ ಮಾಮೂಲಿ ಅಡುಗೆ ನಡೆಯುವುದೇ ಇಲ್ಲ. ಬೌದ್ಧ ಮಠಗಳ ಮೀನಿಲ್ಲದ ಅಡುಗೆಗೆ ಶೋಜಿನ್ ರ್ಯೋರಿ ಎನ್ನುತ್ತಾರೆ. ಈ ಹೆಸರು ಹೇಳಿ, ಬುಕಿಂಗ್ ಮಾಡುವಾಗಲೇ ತಿಳಿಸಬೇಕು. ಎಲೆ ಮುಂದೆ ಕುಳಿತ ಮೇಲೆ ಹೇಳಿದರೆ ನಿಮಗೂ ಉಪವಾಸ, ಅವರಿಗೂ ಅವಮಾನ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದು, ತಿನ್ನುವುದು ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಮುರಿಯುವ ಸದ್ದು ಕಾಗದದ ಬಾಗಿಲು ದಾಟುತ್ತದೆ ಎಂಬುದು ನೆನಪಿರಲಿ.

ದೋಷ ಮತ್ತು ಪರಿಹಾರ

ಬೆಟ್ಟ ಕಾಣುತ್ತಿಲ್ಲ: ಫ್ಯೂಜಿ ಬೆಟ್ಟ 3,776 ಮೀಟರ್ ಎತ್ತರದ್ದು, ಆದರೂ ಮೋಡದೊಳಗೆ ಪೂರ್ತಿ ಮರೆಯಾಗಬಲ್ಲದು. ಬೇಸಿಗೆಯಲ್ಲಿ ಹೀಗಾಗುವುದು ಹೆಚ್ಚು; ಚಳಿಗಾಲದ ಬೆಳಗು ಒಳ್ಳೆಯದು. ಸಪಾಟು ನೆಲದಲ್ಲಿ ಹುಟ್ಟಿದ ನಮಗೆ ಬೆಟ್ಟಕ್ಕಾಗಿ ಕಾಯುವ ರೂಢಿಯಿಲ್ಲ. ಕಾಯಿರಿ. ರೊಕ್ಕ ವಾಪಸು ಬರುವುದಿಲ್ಲ.

ನೆಲದ ಮೇಲೆ ಕೂರಲು ಮೊಣಕಾಲು ಬಗ್ಗುತ್ತಿಲ್ಲ: ಮೊದಲೇ ಕುರ್ಚಿ ಕೇಳಿ, ಕೊಡುತ್ತಾರೆ.

ಸೇವಕಿಗೆ ಭಕ್ಷೀಸು ಕೊಟ್ಟೆ, ಓಡಿಬಂದು ಹಿಂದಿರುಗಿಸಿದಳು: ಅಲ್ಲಿ ಸಾಮಾನ್ಯವಾಗಿ ಆ ಪದ್ಧತಿಯಿಲ್ಲ. ಬಾಗಿ ನಮಸ್ಕರಿಸಿ, ಸಾಕು.

ಇಷ್ಟು ರೊಕ್ಕವೇ ಇಲ್ಲ: ಮಹಾರಾಷ್ಟ್ರದ ನಾಂದೇಡ ಜಿಲ್ಲೆ ಕಿನವಟ ತಾಲ್ಲೂಕಿನ ಉನಕೇಶ್ವರದಲ್ಲಿ ಗಂಧಕದ ಬಿಸಿನೀರಿನ ಬುಗ್ಗೆ ಇದೆ. ರಾಜ್ಯದೊಳಗೇ ಬೇಕೆಂದರೆ ಪುತ್ತೂರು ಬಳಿಯ ಇರ್ದೆಯಲ್ಲಿ ಬೆಂದ್ರ್ ತೀರ್ಥ. ಹಳ್ಳಿಖೇಡದಿಂದ ಉನಕೇಶ್ವರವೇ ಹತ್ತಿರ. ಚಡ್ಡಿ ಹಾಕಿಕೊಂಡೇ ಇಳಿಯಬಹುದು, ಕಾಕಾನನ್ನೂ ಕರೆದೊಯ್ಯಿರಿ.